ಗೆದ್ದ ಎತ್ತಿನ ಬಾಲ ಎಷ್ಟು ದಿನ?

ಮಾರ್ಚ್ ತಿಂಗಳು ಬಂತೆಂದರೆ ಇಲ್ಲಿ ಮಕ್ಕಳಿಗೆ ಪರೀಕ್ಷೆ ಕಾಟ, ಅಂಗಡಿಯವರಿಗೆ ವರ್ಷದ ಲೆಕ್ಕ ಮುಗಿಸುವ ಕಾಟ. ಅಮೆರಿಕದವರಿಗೆ ಮಾತ್ರ ಅದು ಹುಚ್ಚು ಹಿಡಿಯುವ ತಿಂಗಳು. ಇದು ಬೈಗುಳವಲ್ಲ, ಅವರೇ ಇಟ್ಟುಕೊಂಡ ಹೆಸರು: 'ಮಾರ್ಚ್ ಮ್ಯಾಡ್‌ನೆಸ್'. ಅಂದರೆ ಮಾರ್ಚ್ ಹುಚ್ಚು. ಕಾಲೇಜು ಹುಡುಗರ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಗೆ ಇಡೀ ದೇಶ ಕೆಲಸ ಬಿಟ್ಟು ಕೂರುವ ಹುಚ್ಚು.

ಅಲ್ಲಿ ಯಾರೋ ಚೆಂಡು ಎಸೆದರೆ ಇಲ್ಲಿ ಬಸ್ಸಿಗೆ ಕಾದು ನಿಂತವರಿಗೆ ಬಂದ ಭಾಗ್ಯವೇನು ಎಂದು ಕೇಳುವವರು ಕೇಳಬಹುದು. ಇಲ್ಲಿಂದ ಸೈಟು ಮಾರಿ, ಬ್ಯಾಂಕಿನಲ್ಲಿ ಸಾಲ ಎತ್ತಿ ಓದಲು ಕಳಿಸಿದ ಮಕ್ಕಳು ಅಲ್ಲಿನ ಯೂನಿವರ್ಸಿಟಿಗಳಲ್ಲಿ ಇದ್ದಾರಲ್ಲ, ಅವರಿಗೂ ಈ ಹುಚ್ಚು ಅಂಟಿಕೊಳ್ಳುತ್ತದೆ. ಓದಿ ವಾಪಸು ಬಂದವರನ್ನೂ ಅದು ಬಿಡುವುದಿಲ್ಲ. ಅಲ್ಲಿ ಮಧ್ಯಾಹ್ನ ಹನ್ನೆರಡೂ ಕಾಲಿಗೆ ಆಟ ಶುರುವಾದರೆ ಇಲ್ಲಿ ರಾತ್ರಿ ಒಂಬತ್ತೂ ಮುಕ್ಕಾಲು. ಅಲ್ಲಿನ ರಾತ್ರಿಯ ಕೊನೆಯ ಆಟ ನಡೆಯುವಾಗ ಇಲ್ಲಿ ಬೆಳಗಿನ ಬಸ್ಸು ತುಂಬಿರುತ್ತದೆ. ಆ ಬಸ್ಸಿನಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು, ಇದ್ದಕ್ಕಿದ್ದಂತೆ "ಅಯ್ಯೋ" ಅಂತ ತಲೆ ಚಚ್ಚಿಕೊಳ್ಳುವ ಹುಡುಗ ಕಂಡರೆ, ಮನೆಯಲ್ಲಿ ಏನೋ ಕೆಟ್ಟ ಸುದ್ದಿ ಎಂದು ಕಂಡಕ್ಟರು ಗಾಬರಿಯಾಗಬೇಕಿಲ್ಲ. ಯಾವುದೋ ದೊಡ್ಡ ಕಾಲೇಜು ಯಾವುದೋ ಪುಟ್ಟ ಕಾಲೇಜಿಗೆ ಸೋತಿದೆ, ಅಷ್ಟೇ.

ಆ "ಅಷ್ಟೇ" ಎಂಬುದರ ಒಳಗೆ ದೊಡ್ಡ ಕಥೆಯೇ ಇದೆ. ಅದು ಬರೀ ಆಟದ ಕಥೆಯೂ ಅಲ್ಲ.

ಎರಡು ದಿನ, 32 ಆಟ

ಪಂದ್ಯಾವಳಿಯ ಕಟ್ಟುಪಾಡು ಸುಲಭ. ಮೇಲಿನ ದರ್ಜೆಯಲ್ಲಿ ಆಡುವ ಕಾಲೇಜುಗಳು 350ಕ್ಕೂ ಹೆಚ್ಚು. 2011ರಿಂದ ಪಂದ್ಯಾವಳಿಗೆ ಬರುತ್ತಿದ್ದದ್ದು 68 ತಂಡ. ಮೊದಲು ನಾಲ್ಕು ಆಟ ಆಡಿಸಿ ಅದನ್ನು 64ಕ್ಕೆ ಇಳಿಸುತ್ತಿದ್ದರು. ಆಮೇಲೆ ಗುರುವಾರ, ಶುಕ್ರವಾರ ಎರಡೇ ದಿನದಲ್ಲಿ 32 ಆಟ. ಒಂದು ಸಲ ಸೋತರೆ ಗಂಟುಮೂಟೆ ಕಟ್ಟಬೇಕು. ಹಳ್ಳಿ ಕಬಡ್ಡಿ ಟೂರ್ನಮೆಂಟ್ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಂಡಗಳನ್ನು ನಾಲ್ಕು ವಿಭಾಗ ಮಾಡಿ, ಒಂದೊಂದರಲ್ಲೂ 1ರಿಂದ 16ರವರೆಗೆ ನಂಬರು ಕೊಡುತ್ತಾರೆ. 1ನೇ ನಂಬರಿನವನಿಗೆ ಮೊದಲ ಆಟ 16ನೇ ನಂಬರಿನವನ ಮೇಲೆ. ಅಂದರೆ ದೊಡ್ಡ ಸಾಹುಕಾರನಿಗೆ ಮೊದಲ ತುತ್ತೇ ಬಡಪಾಯಿ. 1985ರಲ್ಲಿ 64 ತಂಡಗಳ ಏರ್ಪಾಡು ಬಂದ ಮೇಲೆ 2017ರವರೆಗೆ ಇಂಥ 132 ಆಟ ನಡೆದವು. 132ರಲ್ಲೂ ಸಾಹುಕಾರನೇ ಗೆದ್ದ. 2018ರಲ್ಲಿ ಇನ್ನೂ ಮೂರು ಗೆದ್ದು 135 ಆಯಿತು.

ಆಟ ನೋಡುವವರು ಸುಮ್ಮನೆ ನೋಡುವುದಿಲ್ಲ. ಆಟ ಶುರುವಾಗುವ ಮೊದಲೇ, ಯಾರ ಮೇಲೆ ಯಾರು ಗೆಲ್ಲುತ್ತಾರೆ ಎಂದು ಪೂರಾ 63 ಆಟಕ್ಕೂ ಚಾರ್ಟು ಬರೆದು ಇಡುತ್ತಾರೆ. ಅದಕ್ಕೆ ಬ್ರಾಕೆಟ್ ಅಂತ ಹೆಸರು. ಆಫೀಸು, ಹೋಟೆಲು, ಹಾಸ್ಟೆಲು ಎಲ್ಲ ಕಡೆ ಇದೇ. ಹತ್ತಿಪ್ಪತ್ತು ಡಾಲರ್ ಸೇರಿಸಿ ಪಂಥ ಕಟ್ಟುವವರೂ ಇದ್ದಾರೆ. ಓಸಿ ಚೀಟಿ ಬರೆಸಿದವರಿಗೆ ಈ ರೋಗದ ಲಕ್ಷಣ ಗೊತ್ತು. ಆದರೆ ಓಸಿಯಲ್ಲಾದರೂ ಎಲ್ಲೋ ಒಬ್ಬನಿಗೆ ನಂಬರು ಹೊಡೆಯುತ್ತದೆ. ಇಲ್ಲಿ 63ಕ್ಕೆ 63 ಸರಿ ಬರೆದವರು ಇದ್ದಾರೆಂದು ಯಾರೂ ರುಜುವಾತು ಮಾಡಿಲ್ಲ. ನಾಣ್ಯ ಚಿಮ್ಮಿಸಿ ಬರೆದರೆ ಅದು ಸರಿಬರುವ ಅವಕಾಶ, 9ರ ಮುಂದೆ 18 ಸೊನ್ನೆ ಇಟ್ಟಷ್ಟರಲ್ಲಿ ಒಂದು. 2019ರಲ್ಲಿ ಒಬ್ಬ ಪುಣ್ಯಾತ್ಮ ಮೊದಲ 49 ಆಟ ಸರಿ ಬರೆದದ್ದೇ ಆವತ್ತಿಗೆ ದೊಡ್ಡ ದಾಖಲೆ. ಐವತ್ತನೆಯದಕ್ಕೆ ಅವನೂ ಬಿದ್ದ.

ಆನೆ ಬಿದ್ದ ರಾತ್ರಿ

ಇಂಡಿಯಾನಾ ರಾಜ್ಯದ ಪರ್ಡ್ಯೂ ಯೂನಿವರ್ಸಿಟಿ ಹೆಸರು ಇಲ್ಲಿನ ಎಂಜಿನಿಯರಿಂಗ್ ಹುಡುಗರಿಗೆ ಬಾಯಿಪಾಠ. ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಓದಿದ್ದು ಅಲ್ಲೇ. ಭಾರತದ ವಿದ್ಯಾರ್ಥಿಗಳು ಅಲ್ಲಿ ದಂಡಿಯಾಗಿದ್ದಾರೆ. ಅಂಥ ಪರ್ಡ್ಯೂಗೆ ಸೇರಿದವನೊಬ್ಬ ಆ ಊರಿನ ಗಾಳಿಗೆ ಬ್ಯಾಸ್ಕೆಟ್‌ಬಾಲ್ ಅಭಿಮಾನಿಯಾದ ಎನ್ನಿ. ಪಾಪ, ಅವನು ಅನುಭವಿಸಿದ್ದು ಶತ್ರುವಿಗೂ ಬೇಡ.

2021ರಲ್ಲಿ ಮೊದಲ ಸುತ್ತಿನಲ್ಲೇ 13ನೇ ನಂಬರಿನ ನಾರ್ತ್ ಟೆಕ್ಸಸ್‌ಗೆ ಸೋಲು. 2022ರಲ್ಲಿ 15ನೇ ನಂಬರಿನ ಸೇಂಟ್ ಪೀಟರ್ಸ್‌ಗೆ ಸೋಲು. ಆಯಿತು, 2023ರಲ್ಲಿ ಪರ್ಡ್ಯೂಗೆ 1ನೇ ನಂಬರೇ ಸಿಕ್ಕಿತು. ತಂಡದಲ್ಲಿ 7 ಅಡಿ 4 ಇಂಚಿನ ಝ್ಯಾಕ್ ಈಡಿ. ಬ್ಯಾಸ್ಕೆಟ್‌ಬಾಲ್ ರಿಂಗು ನೆಲದಿಂದ 10 ಅಡಿ. ಈಡಿ ಕೈ ಎತ್ತಿದರೆ ಇನ್ನೇನು ಉಳಿಯಿತು?

ಎದುರಾಳಿ ನ್ಯೂಜೆರ್ಸಿಯ ಫೇರ್ಲಿ ಡಿಕಿನ್ಸನ್. ಸರಾಸರಿ ಎತ್ತರ ನೋಡಿದರೆ ಆ ವರ್ಷ ಇಡೀ ಮೇಲ್ದರ್ಜೆಯಲ್ಲೇ ಅತಿ ಗಿಡ್ಡ ತಂಡ. ಚೆಂಡು ನಡೆಸುವ ಡಿಮೆಟ್ರಿ ರಾಬರ್ಟ್ಸ್ 5 ಅಡಿ 8 ಇಂಚು. ಹಿಂದಿನ ವರ್ಷ ಆ ಕಾಲೇಜು ಗೆದ್ದದ್ದು 4 ಆಟ, ಸೋತದ್ದು 22. ಹೊಸ ಕೋಚ್ ಟೋಬಿನ್ ಆಂಡರ್ಸನ್ ಕೆಳಗಿನ ದರ್ಜೆಯ ಕಾಲೇಜಿನಿಂದ ಬಂದವರು. ಬರುವಾಗ ಅಲ್ಲಿನ ಮೂವರು ಹುಡುಗರನ್ನೂ ಜೊತೆಗೆ ಕರೆತಂದಿದ್ದರು. ತಮ್ಮದೇ ಲೀಗಿನ ಫೈನಲ್‌ನಲ್ಲಿ ಈ ತಂಡ ಮೆರಿಮ್ಯಾಕ್ ಕಾಲೇಜಿಗೆ ಒಂದೇ ಪಾಯಿಂಟಿನಿಂದ ಸೋತಿತ್ತು. ಮೆರಿಮ್ಯಾಕ್ ಮೇಲ್ದರ್ಜೆಗೆ ಹೊಸದಾಗಿ ಬಂದದ್ದರಿಂದ ನಿಯಮದಂತೆ ಅದಕ್ಕೆ ಪಂದ್ಯಾವಳಿಯ ಅರ್ಹತೆ ಇರಲಿಲ್ಲ. ಹಾಗಾಗಿ ಜಾಗ ಇವರಿಗೆ ಬಂತು. ಬಂದ ಮೇಲೂ ಮೊದಲು ಇನ್ನೊಬ್ಬ ಬಡಪಾಯಿಯ ಮೇಲೆ ಗೆದ್ದು ಒಳಗೆ ಬರಬೇಕಾಯಿತು. ಆ ಗೆಲುವಿನ ನಂತರ ಕೋಚ್ ಹುಡುಗರ ಮುಂದೆ, ಪರ್ಡ್ಯೂ ಆಟವನ್ನು ನೋಡಿದಷ್ಟೂ ಅವರನ್ನು ಸೋಲಿಸಬಹುದು ಅನ್ನಿಸುತ್ತಿದೆ ಎಂದರು. ಕ್ಯಾಮೆರಾ ಅದನ್ನು ಹಿಡಿದುಬಿಟ್ಟಿತು. ಕೇಳಿದವರು ನಕ್ಕರು.

2023ರ ಮಾರ್ಚ್ 17, ಒಹಾಯೋದ ಕೊಲಂಬಸ್. ಗಿಡ್ಡ ಹುಡುಗರು ಈಡಿಯ ಮುಂದೊಬ್ಬ ಹಿಂದೊಬ್ಬ ನಿಂತರು. ಜೇನುಹುಳುವಿನ ಹಾಗೆ ಮುತ್ತಿಕೊಂಡು, ಅವನ ಕೈಗೆ ಚೆಂಡು ಸೇರುವ ದಾರಿಯನ್ನೇ ಕಟ್ಟಿದರು. ಈಡಿ 21 ಪಾಯಿಂಟ್ ಹೊಡೆದ, ಸುಳ್ಳಲ್ಲ. ಆದರೆ ಪರ್ಡ್ಯೂದ ಉಳಿದವರು? ದೂರದಿಂದ ಎಸೆದರೆ 3 ಪಾಯಿಂಟ್ ಬರುವ ಹೊಡೆತ 26 ಸಲ ಎಸೆದರು, ರಿಂಗಿಗೆ ಬಿದ್ದದ್ದು 5. ಅತ್ತ ಅದೇ ಕೊಲಂಬಸ್ ಕಡೆಯ ಹುಡುಗ ಶಾನ್ ಮೂರ್ 19 ಪಾಯಿಂಟ್ ಹೊಡೆದ. ಕೊನೆಗೆ 63-58. ಆನೆ ಬಿತ್ತು.

ಅಭಿಮಾನಿಯ ಮುಖ ನೋಡಬೇಕಿತ್ತು. ಮೊದಲ ಹತ್ತು ನಿಮಿಷ, "ಬಿಡಪ್ಪಾ, ಹುಡುಗರು ಇನ್ನೂ ಬಿಸಿಯಾಗಿಲ್ಲ." ಅರ್ಧ ಆಟಕ್ಕೆ, "ರೆಫರಿ ಸರಿಯಿಲ್ಲ." ಹತ್ತು ನಿಮಿಷ ಉಳಿದಾಗ, "ಕೋಚನ್ನು ತೆಗೀಬೇಕು." ಎರಡು ನಿಮಿಷ ಉಳಿದಾಗ ಮಾತೇ ಇಲ್ಲ. ನವೆಂಬರಿನಿಂದ ಮಾರ್ಚ್‌ವರೆಗೆ ಕಟ್ಟಿದ್ದನ್ನು ನಲವತ್ತು ನಿಮಿಷದಲ್ಲಿ ಒಡೆದು ಹಾಕಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಇದಕ್ಕೆ ಐದು ವರ್ಷದ ಹಿಂದೆ, 2018ರ ಮಾರ್ಚ್ 16ರಂದು, ಇದೇ ಗತಿ ವರ್ಜೀನಿಯಾಕ್ಕೆ ಬಂದಿತ್ತು. ಮೇರಿಲ್ಯಾಂಡಿನ ಯು.ಎಂ.ಬಿ.ಸಿ. ಎಂಬ ಕಾಲೇಜು ಅರ್ಧ ಆಟಕ್ಕೆ 21-21 ನಿಂತು, ಕೊನೆಗೆ 74-54ರಿಂದ ಒದ್ದು ಓಡಿಸಿತು. 135 ಸಲ ಆಗದ್ದು 136ನೇ ಸಲ ಆಯಿತು. ಅದೂ ಇಪ್ಪತ್ತು ಪಾಯಿಂಟಿನಿಂದ!

ಊರೆಲ್ಲ ಚಿಕ್ಕವನ ಕಡೆ

ವಿಚಿತ್ರ ಇರುವುದು ಸೋತವನ ಅಭಿಮಾನಿಯಲ್ಲಲ್ಲ, ಉಳಿದವರಲ್ಲಿ. ಆವತ್ತು ಕೊಲಂಬಸ್‌ನ ಆಟ ನೋಡುತ್ತಿದ್ದ ಲಕ್ಷಾಂತರ ಜನ ತಮ್ಮ ಚಾರ್ಟಿನಲ್ಲಿ ಪರ್ಡ್ಯೂ ಗೆಲ್ಲುತ್ತದೆ ಎಂದೇ ಬರೆದಿದ್ದರು. ಪರ್ಡ್ಯೂ ಸೋತರೆ ಚಾರ್ಟು ಹರಿದು ಹೋಗುತ್ತದೆ, ಪಂಥದ ದುಡ್ಡು ಹೋಗುತ್ತದೆ. ಆದರೂ ಆಟ ಬಿಗಿಯಾಗುತ್ತಲೇ ಎಲ್ಲರೂ ಎದ್ದು ನಿಂತು ಗಿಡ್ಡ ಹುಡುಗರಿಗೆ ಜೈ ಅಂದರು. ಸ್ವಂತ ದುಡ್ಡು ಹೋಗಲಿ, ಬಡಪಾಯಿ ಗೆಲ್ಲಲಿ ಎಂದು ಮನುಷ್ಯ ಕೂಗುವ ಜಾಗ ಭೂಮಿಯ ಮೇಲೆ ಎಷ್ಟಿವೆ?

ಈ ಸಂತೋಷವನ್ನು ಹೀಗಳೆಯುವಂತಿಲ್ಲ. ದಿನ ಬೆಳಗಾದರೆ ದೊಡ್ಡವನೇ ಗೆಲ್ಲುವುದನ್ನು ನೋಡಿ ನೋಡಿ ಸಾಕಾದ ಜನಕ್ಕೆ ಒಂದು ದಿನವಾದರೂ ಲೆಕ್ಕ ತಲೆಕೆಳಗಾಗುವುದು ಬೇಕು. ಮಾಲ್ ಎದುರು ಚಿಲ್ಲರೆ ಅಂಗಡಿ ಇಟ್ಟುಕೊಂಡು ಕೂತವರಿಗೆ ಇದು ಬೇಗ ಅರ್ಥವಾಗುತ್ತದೆ.

ಆದರೆ ಅದೇ ಅಂಗಡಿಯವರಿಗೆ ಇನ್ನೊಂದು ಜಾತಿಯ ಗಿರಾಕಿಯೂ ಗೊತ್ತು. ಬಂದು ಬೆಂಚಿನ ಮೇಲೆ ಕೂತು, "ಏನೇ ಹೇಳಿ, ನಿಮ್ಮಂಥ ಅಂಗಡಿ ಇರಬೇಕು ಸ್ವಾಮಿ, ಮರ್ಯಾದೆಯ ವ್ಯಾಪಾರ" ಎಂದು ಹೊಗಳಿ, ಐದು ರೂಪಾಯಿಯ ಬೆಂಕಿಪೊಟ್ಟಣ ತಗೊಂಡು, ತಿಂಗಳ ಸಾಮಾನಿಗೆ ಮಾಲ್‌ಗೆ ಹೋಗುವವನು. ಹೊಗಳಿಕೆ ಇಲ್ಲಿ, ವ್ಯಾಪಾರ ಅಲ್ಲಿ. ಮಾರ್ಚ್ ಹುಚ್ಚಿನ ಅಭಿಮಾನಿ ಈ ಗಿರಾಕಿಯ ಖಾಸಾ ತಮ್ಮ.

ಉಂಡೂ ಹೋದ, ಕೊಂಡೂ ಹೋದ

ಫೇರ್ಲಿ ಡಿಕಿನ್ಸನ್ ಆನೆ ಕೆಡವಿದ್ದು ಶುಕ್ರವಾರ. ಭಾನುವಾರ ಮುಂದಿನ ಸುತ್ತಿನಲ್ಲಿ ಫ್ಲೋರಿಡಾ ಅಟ್ಲಾಂಟಿಕ್‌ಗೆ 78-70ರಿಂದ ಸೋತಿತು. ಅದಾಗಿ ಎರಡು ಮೂರು ದಿನವೂ ಕಳೆಯಲಿಲ್ಲ, ಕೋಚ್ ಆಂಡರ್ಸನ್ ಐಯೋನಾ ಯೂನಿವರ್ಸಿಟಿಗೆ ಹೊರಟರು. ಒಂದೇ ವರ್ಷದ ಸಂಸಾರ!

2022ರ ಸೇಂಟ್ ಪೀಟರ್ಸ್ ಕಥೆಯೂ ಇದೇ. ಜೆರ್ಸಿ ಸಿಟಿಯ ಪುಟ್ಟ ಕಾಲೇಜು. ಮೊದಲ ದಿನ ಕೆಂಟಕಿಯಂಥ ಕೆಂಟಕಿಯನ್ನು ಹೆಚ್ಚುವರಿ ಅವಧಿಯಲ್ಲಿ 85-79ರಿಂದ ಕೆಡವಿತು. ಕೆಂಟಕಿ ಕೋಚ್‌ಗೆ ವರ್ಷದ ಸಂಬಳ 80 ಲಕ್ಷ ಡಾಲರ್ ಮೀರಿತ್ತು, ಸೇಂಟ್ ಪೀಟರ್ಸ್ ಕೋಚ್ ಶಹೀನ್ ಹಾಲೊವೇ ಅವರಿಗೆ 3 ಲಕ್ಷವೂ ಇರಲಿಲ್ಲ. ಆ ಹುಡುಗರು ಪರ್ಡ್ಯೂವನ್ನೂ ಸೋಲಿಸಿ ಕೊನೆಯ ಎಂಟರವರೆಗೆ ಹೋದರು. 15ನೇ ನಂಬರಿನ ತಂಡ ಅಲ್ಲಿಯವರೆಗೆ ಹೋದದ್ದು ಅದೇ ಮೊದಲು. ಟಿ.ವಿ.ಯಲ್ಲೆಲ್ಲ ಅವರದೇ ಮುಖ. ಆ ತಿಂಗಳು ಮುಗಿಯುವುದರೊಳಗೆ ಹಾಲೊವೇ ತಾವು ಓದಿದ ಸೀಟನ್ ಹಾಲ್‌ಗೆ ಹೋದರು. ಆಟಗಾರರಲ್ಲಿ ಹಲವರು ಬೇರೆ ಬೇರೆ ಕಾಲೇಜಿಗೆ ಚದುರಿದರು. ಅದೇ ಸೇಂಟ್ ಪೀಟರ್ಸ್ 2024ರಲ್ಲಿ ಮತ್ತೆ ಹೆಣಗಾಡಿ ಪಂದ್ಯಾವಳಿಗೆ ಬಂತು. ಮೊದಲ ಆಟದಲ್ಲೇ ಟೆನೆಸ್ಸಿ 83-49ರಿಂದ ಹೊಡೆದು ಕಳಿಸಿತು. ಎರಡು ವರ್ಷದ ಹಿಂದೆ ಮೆರೆಸಿದವರಲ್ಲಿ ಎಷ್ಟು ಜನ ಆ ಆಟ ನೋಡಿದರೋ!

2025ರ ಮೊದಲ ದಿನ ನೋಡಿ. ಮೆಕ್‌ನೀಸ್ ಕಾಲೇಜು ಕ್ಲೆಮ್ಸನ್‌ನನ್ನು 69-67ರಿಂದ ಸೋಲಿಸಿತು. ಡ್ರೇಕ್ ಕಾಲೇಜು ಮಿಸೌರಿಯನ್ನು 67-57ರಿಂದ ಸೋಲಿಸಿತು. ಅಭಿಮಾನಿಗಳು ಕುಣಿದರು. ಮುಂದಿನ ಸುತ್ತಿನಲ್ಲಿ ಇಬ್ಬರೂ ಸೋತರು. ಮೆಕ್‌ನೀಸ್ ಬಿದ್ದದ್ದು ಇದೇ ಪರ್ಡ್ಯೂ ಕೈಲಿ. ಕೆಲವೇ ದಿನದಲ್ಲಿ ಮೆಕ್‌ನೀಸ್ ಕೋಚ್ ನಾರ್ತ್ ಕೆರೊಲಿನಾ ಸ್ಟೇಟ್‌ಗೆ, ಡ್ರೇಕ್ ಕೋಚ್ ಅಯೋವಾಕ್ಕೆ. ಡ್ರೇಕ್‌ನ ಮುಖ್ಯ ಆಟಗಾರರೂ ಕೋಚ್ ಹಿಂದೆ ನಡೆದರು. ದೊಡ್ಡವರು ಚಿಕ್ಕವರ ಮನೆಗೆ ಬಂದು ಉಂಡೂ ಹೋದರು, ಕೊಂಡೂ ಹೋದರು.

ಹುಡುಗರ ತಪ್ಪೇನು?

ಇಲ್ಲಿ ಅಭಿಮಾನಿ ಒಂದು ಸುಲಭದ ದಾರಿ ಹಿಡಿಯುತ್ತಾನೆ. "ಹುಡುಗರಿಗೆ ದುಡ್ಡಿನ ಆಸೆ ಹತ್ತಿತು, ನಿಯತ್ತು ಇಲ್ಲ" ಅನ್ನುತ್ತಾನೆ. ಇದು ಶುದ್ಧ ಅನ್ಯಾಯದ ಮಾತು.

ದಶಕಗಳ ಕಾಲ ಈ ಹುಡುಗರು ಆಡಿದ್ದು ಫೀಸು, ಊಟ, ವಸತಿಗಾಗಿ. ಅವರ ಬೆವರನ್ನು ಟಿ.ವಿ.ಯವರು ಕೊಂಡರು, ಕೋಚುಗಳು ಲಕ್ಷ ಲಕ್ಷ ಡಾಲರ್ ಎಣಿಸಿಕೊಂಡರು. ಪಂದ್ಯಾವಳಿ ನಡೆಸುವ ಎನ್.ಸಿ.ಎ.ಎ. ಸಂಸ್ಥೆ 2025ರಿಂದ 2032ರವರೆಗಿನ ಟಿ.ವಿ. ಹಕ್ಕನ್ನು 880 ಕೋಟಿ ಡಾಲರಿಗೆ ಕೊಟ್ಟಿದೆ. ಆಡುವ ಹುಡುಗ ಮಾತ್ರ ತನ್ನ ಹೆಸರಿನ ಒಂದು ಬನಿಯನ್ ಮಾರಿಕೊಂಡರೂ ಅಪರಾಧವಾಗುತ್ತಿತ್ತು. 2021ರ ಜುಲೈನಲ್ಲಿ ಆ ಕಟ್ಟು ಸಡಿಲವಾಯಿತು, ಹೆಸರು ಮುಖ ತೋರಿಸಿ ಸಂಪಾದಿಸಲು ಬಿಟ್ಟರು. ಕಾಲೇಜು ಬದಲಿಸಿದರೆ ಒಂದು ವರ್ಷ ಬೆಂಚಿನ ಮೇಲೆ ಕೂರಬೇಕೆಂಬ ನಿಯಮವೂ ಹೋಯಿತು. 2025ರ ಜೂನ್‌ನಲ್ಲಿ ಕೋರ್ಟಿನ ಒಪ್ಪಿಗೆಯಾಗಿ, ಕಾಲೇಜುಗಳೇ ನೇರವಾಗಿ ಆಟಗಾರರಿಗೆ ದುಡ್ಡು ಕೊಡುವಂತಾಯಿತು. 2025-26ಕ್ಕೆ ಒಂದು ಕಾಲೇಜು ಎಲ್ಲ ಆಟಗಳಿಗೂ ಸೇರಿ ಹಂಚಬಹುದಾದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್.

ಬೀಡಾ ಅಂಗಡಿಯ ಹುಡುಗ ನಾಳೆ ದೊಡ್ಡ ಶೋರೂಮಿನಲ್ಲಿ ಎರಡರಷ್ಟು ಸಂಬಳ ಸಿಕ್ಕರೆ ಹೋಗುತ್ತಾನೆ. ಹೋಗಬೇಕು. ಮನೆಯಲ್ಲಿ ತಾಯಿ ಇದ್ದಾಳೆ, ತಂಗಿ ಇದ್ದಾಳೆ. ಹುಡುಗನಿಗೆ ದುಡ್ಡು ಸಿಕ್ಕಿದ್ದು ನ್ಯಾಯವೇ. ಆದರೆ ಆ ಹುಡುಗನನ್ನು ಕೆಲಸ ಕಲಿಸಿ ತಯಾರು ಮಾಡಿದ ಚಿಕ್ಕ ಅಂಗಡಿಗೆ ಏನೂ ದಕ್ಕದೆ ಹೋದದ್ದು ಅನ್ಯಾಯ. 2 ಕೋಟಿ ಡಾಲರ್ ಹಂಚುವ ತಾಕತ್ತು ಕೆಂಟಕಿಗೆ ಇದೆ, ಸೇಂಟ್ ಪೀಟರ್ಸ್‌ಗೆ ಇಲ್ಲ. ನಿಯಮದ ಪುಸ್ತಕದಲ್ಲಿ ಇಬ್ಬರೂ ಸಮ. ಸಂತೆಯಲ್ಲಿ ಅಲ್ಲ.

ಇದರ ಫಲ 2025ರಲ್ಲೇ ಕಂಡಿತು. ಮೊದಲ ದಿನದ ಕುಣಿತ ಮುಗಿದು ಕೊನೆಯ 16 ತಂಡ ಉಳಿದಾಗ, ಹದಿನಾರೂ ದುಡ್ಡಿನ ದೊಡ್ಡ ಲೀಗುಗಳವೇ. ಅದೂ ನಾಲ್ಕೇ ಲೀಗು. ಒಂದೇ ಲೀಗಿನವು ಏಳು! ಕೊನೆಯ ನಾಲ್ಕಕ್ಕೆ ಬಂದವೂ ನಾಲ್ಕು ವಿಭಾಗದ 1ನೇ ನಂಬರಿನ ತಂಡಗಳೇ. ಅಂಥದ್ದು ಅದಕ್ಕೆ ಮೊದಲು ಆದದ್ದು 2008ರಲ್ಲಿ, ಒಂದೇ ಸಲ. ಒಂದು ವರ್ಷದ ಫಲಿತಾಂಶ ನೋಡಿ ಜಾತಕ ಬರೆಯಬಾರದು, ಒಪ್ಪೋಣ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎನ್ನುವುದಕ್ಕೆ ಪಂಚಾಂಗ ಬೇಕಿಲ್ಲ.

ಬಾಗಿಲು ಯಾರದು?

ಈ ಪಂದ್ಯಾವಳಿಯ ಜೀವ ಇರುವುದು ಒಂದೇ ನಿಯಮದಲ್ಲಿ: ಎಷ್ಟೇ ಚಿಕ್ಕ ಲೀಗಿರಲಿ, ಅದರ ಚಾಂಪಿಯನ್‌ಗೆ ಒಂದು ಜಾಗ ಗ್ಯಾರಂಟಿ. 2025ರಲ್ಲಿ 68ರ ಪೈಕಿ 31 ಜಾಗ ಹೀಗೆ ಹೋದವು. ಉಳಿದ 37 ಒಂದು ಸಮಿತಿ ಆರಿಸಿದ್ದು. ಆ 31 ಜಾಗ ಇಲ್ಲದಿದ್ದರೆ ಯು.ಎಂ.ಬಿ.ಸಿ. ಇಲ್ಲ, ಸೇಂಟ್ ಪೀಟರ್ಸ್ ಇಲ್ಲ, ಫೇರ್ಲಿ ಡಿಕಿನ್ಸನ್ ಇಲ್ಲ. ದೊಡ್ಡವರು ದೊಡ್ಡವರೇ ಹೊಡೆದಾಡಿಕೊಳ್ಳುವುದನ್ನು ಯಾರು ನಿದ್ದೆಗೆಟ್ಟು ನೋಡುತ್ತಾರೆ?

ಆದರೂ ಚಿಕ್ಕವರಿಗೆ ಬಾಗಿಲಲ್ಲೇ ಅವಮಾನ. 2025ರಲ್ಲೂ ಕಟ್ಟಕಡೆಯ ನಾಲ್ಕು ಚಾಂಪಿಯನ್ ತಂಡಗಳನ್ನು ತಮ್ಮ ತಮ್ಮಲ್ಲೇ ಹೊಡೆದಾಡಿಸಿ ಎರಡನ್ನು ಒಳಗೆ ಬಿಟ್ಟರು. ತಮ್ಮ ಲೀಗಿನಲ್ಲಿ ಏಳೆಂಟನೆಯವರಾದ ದೊಡ್ಡ ಕಾಲೇಜುಗಳಲ್ಲಿ ಹಲವು ಸೀದಾ ಒಳಗೆ ಕೂತಿರುತ್ತವೆ. ಮದುವೆ ಮನೆಯಲ್ಲಿ ಕರೆಯೋಲೆ ಇದ್ದವನನ್ನು ಚಪ್ಪರದ ಹೊರಗೆ ನಿಲ್ಲಿಸಿ, ಸಾಹುಕಾರನ ಅಳಿಯನ ಸ್ನೇಹಿತನಿಗೆ ಮೊದಲ ಪಂಕ್ತಿ ಹಾಕಿದ ಹಾಗೆ. ತಂಡಗಳ ಸಂಖ್ಯೆ ಇನ್ನೂ ಹೆಚ್ಚಿಸಬೇಕೆಂಬ ಮಾತೂ ಜೋರಾಗಿ ನಡೆದು, 2025ರ ಆಗಸ್ಟ್‌ನಲ್ಲಿ 2026ರ ಮಟ್ಟಿಗೆ ಬೇಡ ಎಂದಾಯಿತು. ಜಾಗ ಹೆಚ್ಚಿದರೆ ಅದು ಯಾರ ಪಾಲು? ಚಾಂಪಿಯನ್‌ಗಳು ಹೇಗೂ ಒಳಗಿದ್ದಾರೆ. ಹೆಚ್ಚಿನ ಎಲೆ ಬೀಳುವುದು ಸಾಹುಕಾರರ ಮನೆಯ ಇನ್ನಷ್ಟು ಮಂದಿಗೇ.

ದುಡ್ಡಿನ ಹಂಚಿಕೆ ಕೇಳಿ. ಪಂದ್ಯಾವಳಿಯಲ್ಲಿ ಆಡುವ ಒಂದೊಂದು ಆಟಕ್ಕೂ ಒಂದು ಪಾಲು ಲೆಕ್ಕ. ಒಂದು ಪಾಲಿಗೆ ಆರು ವರ್ಷದಲ್ಲಿ ಸುಮಾರು 20 ಲಕ್ಷ ಡಾಲರ್ ಬರುತ್ತದೆ. ಆದರೆ ಅದು ಕಾಲೇಜಿಗೆ ಬರುವುದಿಲ್ಲ, ಲೀಗಿಗೆ ಹೋಗುತ್ತದೆ. ಲೀಗು ತನ್ನ ಸದಸ್ಯರಿಗೆಲ್ಲ ಹಂಚುತ್ತದೆ. ಏಳು ತಂಡ ಕೊನೆಯವರೆಗೆ ಆಡಿಸುವ ಲೀಗಿಗೆ ಹೊಳೆ ಹರಿಯುತ್ತದೆ, ಒಂದೇ ತಂಡ ಕಳಿಸುವ ಲೀಗಿಗೆ ಬಿಂದಿಗೆ ನೀರು. ಇದ್ದವನಿಗೆ ಇನ್ನಷ್ಟು.

ಹಾಗಾದರೆ ಆಗಬೇಕಾದ್ದೇನು? ಮೂರೇ ಮಾತು. ಚಾಂಪಿಯನ್ ಆಗಿ ಬಂದವನನ್ನು ಬಾಗಿಲಲ್ಲಿ ತಡೆಯಬಾರದು. ಹೊಡೆದಾಡಿ ಒಳಗೆ ಬರುವ ಕಷ್ಟ ದೊಡ್ಡ ಲೀಗಿನ ಏಳೆಂಟನೆಯವನಿಗಿರಲಿ. ಚಿಕ್ಕ ಕಾಲೇಜು ತಯಾರು ಮಾಡಿದ ಆಟಗಾರನನ್ನು ದೊಡ್ಡದು ಕರೆದೊಯ್ದರೆ, ಹುಡುಗನ ದುಡ್ಡು ಮುರಿಯದೆ, ಒಯ್ದ ಕಾಲೇಜಿನಿಂದಲೇ ಆ ಚಿಕ್ಕ ಕಾಲೇಜಿಗೆ ಒಂದು ಪಾಲು ಕೊಡಿಸಲಿ. ಜಗತ್ತಿನ ಫುಟ್‌ಬಾಲಿನಲ್ಲಿ ಆಟಗಾರನನ್ನು ಬೆಳೆಸಿದ ಕ್ಲಬ್ಬಿಗೆ ಪಾಲು ಕೊಡುವ ಪದ್ಧತಿ ಇದ್ದೇ ಇದೆ, ಹೊಸದೇನಲ್ಲ. ಮೊದಲ ಎರಡು ದಿನದ ಟಿ.ವಿ. ಕಾಸಿನಲ್ಲಿ ಚಿಕ್ಕವರಿಗೆ ಹೆಚ್ಚಿನ ಭಾಗ ಇರಲಿ, ಆ ಎರಡು ದಿನದ ಗಿರಾಕಿಯನ್ನು ಕರೆತರುವವರು ಅವರೇ.

ಇದನ್ನೆಲ್ಲ ಮಾಡಬೇಕಾದವರು ಎನ್.ಸಿ.ಎ.ಎ. ದೊರೆಗಳು. ದೊರೆಗಳು ತಾವಾಗಿ ಎಂದೂ ಮಾಡುವುದಿಲ್ಲ. ಅವರು ಹೆದರುವುದು ಟಿ.ವಿ. ಮುಂದೆ ಕೂತವನಿಗೆ ಮಾತ್ರ. ಹಾಗಾಗಿ ಭಾರ ಬಂದು ಬೀಳುವುದು ಅಭಿಮಾನಿಯ ಮೇಲೇ. ಚಾರ್ಟು ಹರಿದರೂ ಚಿಕ್ಕವನಿಗೆ ಜೈ ಅಂದ ಅವನ ಒಳ್ಳೆಯ ಮನಸ್ಸು ಸುಳ್ಳಲ್ಲ. ಆ ಮನಸ್ಸು ಏಪ್ರಿಲ್‌ನಲ್ಲೂ ಇರಬೇಕು, ನವೆಂಬರ್‌ನಲ್ಲೂ ಇರಬೇಕು. ಗೆದ್ದ ಹುಡುಗರ ಹೆಸರಿನ ಜೊತೆ ಅವರ ಕಾಲೇಜಿನ ಹೆಸರೂ ಮುಂದಿನ ವರ್ಷ ನೆನಪಿರಬೇಕು. ಪರ್ಡ್ಯೂ ಅಭಿಮಾನಿ 2023ರ ಅವಮಾನ ನುಂಗಿಕೊಂಡು ಕಾದ, ಅವನ ತಂಡ 2024ರಲ್ಲಿ ಫೈನಲ್‌ವರೆಗೆ ಹೋಯಿತು. ವರ್ಜೀನಿಯಾ 2019ರಲ್ಲಿ ಕಪ್ಪನ್ನೇ ಗೆದ್ದಿತು. ದೊಡ್ಡವರಿಗೆ ಬಿದ್ದರೆ ಏಳಲು ಕೈ ಕೊಡುವವರಿದ್ದಾರೆ. ಗೆದ್ದ ಚಿಕ್ಕವನಿಗೆ ನಿಲ್ಲಲು ನೆಲ ಇಲ್ಲ.

ಎತ್ತು ಗೆದ್ದ ದಿನ ಬಾಲ ಹಿಡಿಯುವವರು ನೂರು ಮಂದಿ. ಮಾರನೇ ದಿನ ಹುಲ್ಲು ಹಾಕುವವರು ಯಾರು?